ತುಟಿ ಮರಗಟ್ಟಿತು, ಹಲ್ಲು ಮರಗಟ್ಟಲಿಲ್ಲ. ನಿಮಗೂ ಹೀಗಾಗಿದೆಯಾ?

ಕೆಳದವಡೆ

ಎಲ್ಲರಿಗೂ ನಮಸ್ಕಾರ. ಬರೆಯೋಣವೋ ಬೇಡವೋ ಅಂತ ಎರಡು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಕೆಳಗಡೆ ಬಲಭಾಗದ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರುವಾಗಿದೆ. ಹೋಗುವ ಮೊದಲು ಮೂರು ರಾತ್ರಿ ನಿದ್ದೆ ಇರಲಿಲ್ಲ. ಮಲಗಿದರೆ ನೋವು ಜಾಸ್ತಿ, ಎದ್ದು ಕೂತರೆ ಸ್ವಲ್ಪ ಪರವಾಗಿಲ್ಲ. ತಣ್ಣೀರು ಬಾಯಲ್ಲಿ ಇಟ್ಟುಕೊಂಡರೆ ಒಂದು ನಿಮಿಷ ತಡೆಯುತ್ತಿತ್ತು, ನುಂಗಿದ ಕೂಡಲೇ ಮತ್ತೆ ಶುರು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ತುಟಿ ದಪ್ಪಗಾದ ಹಾಗಾಯಿತು. ನಾಲಿಗೆ ಅರ್ಧ ಇದೆ, ಅರ್ಧ ಇಲ್ಲ. ಡ್ರಿಲ್ ಮೇಲಿನ ಪದರ ದಾಟುವವರೆಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದೇ ಸಲಕ್ಕೆ ಕಿವಿಯವರೆಗೂ ಮಿಂಚು ಹೊಡೆದ ಹಾಗಾಯಿತು. ಕೈ ಎತ್ತಿದೆ. ಇನ್ನೊಂದು ಇಂಜೆಕ್ಷನ್ ಕೊಟ್ಟರು. ಎರಡು ನಿಮಿಷ ಬಿಟ್ಟು ಶುರು ಮಾಡಿದರು. ಮತ್ತೆ ಅದೇ ಮಿಂಚು. "ತುಟಿ ಮರಗಟ್ಟಿದೆ ಅಂದಮೇಲೆ ಹಲ್ಲು ನೋಯಲ್ಲ, ನೀವು ಹೆದರಿಕೊಂಡಿದ್ದೀರಿ ಅಷ್ಟೆ" ಅಂದರು. ನಾನು ಸುಮ್ಮನಾದೆ. ಮನೆಗೆ ಬಂದು ನೋಡಿದರೆ ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು ಹಾಗೇ ಇತ್ತು.

ಪೂರ್ತಿ ಸ್ವಚ್ಛ ಆಗಿಲ್ಲ, ಬುಧವಾರ ಮತ್ತೆ ಬನ್ನಿ ಅಂದಿದ್ದಾರೆ. ನನಗೆ ಹೋಗಲು ಕಾಲೇ ಏಳುತ್ತಿಲ್ಲ. ಅದು ನಿಜವಾಗಿಯೂ ಭಯವೇ ಆಗಿತ್ತಾ? ಮರಗಟ್ಟದೇ ಇರುವುದು ನನ್ನ ದೇಹದ ದೋಷವಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ರಾತ್ರಿಪಾಳಿ

ಓದುತ್ತಾ ನನ್ನ ಕೈಯೂ ಬೆವರಿತು. ನನಗೂ ಹೀಗೇ ಆಗಿತ್ತು, ಎಡಗಡೆ ಕೆಳಗಿನ ದವಡೆ ಹಲ್ಲು. ಅದು ಭ್ರಮೆ ಅಲ್ಲವೇ ಅಲ್ಲ. ನೋವು ಅನುಭವಿಸಿದವರು ನೀವು. ಇದೆ ಅಂದರೆ ಇದೆ.

ಮೇಲಿನ ಹಲ್ಲಿಗೆ ಇದೇ ಕೆಲಸ ಮಾಡಿಸಿದಾಗ ನನಗೆ ಚೂರೂ ಗೊತ್ತಾಗಿರಲಿಲ್ಲ. ಕೆಳಗೆ ಮಾತ್ರ ಯಾಕೆ ಹೀಗೆ? ಡಾಕ್ಟರು ಯಾರಾದರೂ ಇದ್ದರೆ ಹೇಳಿ.

ಹಲ್ಲಿನ ಡಾಕ್ಟರು

ನಾನು ದಂತವೈದ್ಯೆ. ದಿನಾ ಈ ಇಂಜೆಕ್ಷನ್ ಕೊಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಮೊದಲು ಕೆಳದವಡೆ ಅವರಿಗೆ. ನಿಮ್ಮ ದೇಹದಲ್ಲಿ ದೋಷ ಇಲ್ಲ. ತುಟಿ ಮರಗಟ್ಟಿದೆ ಅಂದರೆ ತುಟಿ ಮರಗಟ್ಟಿದೆ ಅಂತ ಮಾತ್ರ ಅರ್ಥ. ಹಲ್ಲಿನ ಒಳಗಿನ ನರ ಮಲಗಿದೆ ಅಂತ ಅಲ್ಲ. ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ರಾತ್ರಿಯೆಲ್ಲ ನೋಯುವ ಕೆಳಗಿನ ದವಡೆ ಹಲ್ಲೇ ಮರಗಟ್ಟಿಸಲು ಎಲ್ಲಕ್ಕಿಂತ ಕಷ್ಟದ ಹಲ್ಲು.

ಮೇಲಿನ ದವಡೆಯ ಮೂಳೆ ತೆಳು, ಸಣ್ಣ ಸಣ್ಣ ರಂಧ್ರ ಇರುತ್ತದೆ. ಹಲ್ಲಿನ ಪಕ್ಕದ ವಸಡಿಗೆ ಔಷಧಿ ಬಿಟ್ಟರೆ ಮೂಳೆ ದಾಟಿ ಬೇರಿನ ತುದಿಗೆ ಇಳಿಯುತ್ತದೆ. ಕೆಳಗಿನ ದವಡೆಯ ಮೂಳೆ, ಅದರಲ್ಲೂ ಹಿಂದಿನ ಹಲ್ಲುಗಳ ಹತ್ತಿರ, ದಪ್ಪ ಮತ್ತು ಗಟ್ಟಿ. ಅಲ್ಲಿ ಔಷಧಿ ಸುಲಭವಾಗಿ ಇಳಿಯುವುದಿಲ್ಲ. ಅದಕ್ಕೇ ಬಾಯಿಯ ಹಿಂದೆ, ನರ ಮೂಳೆಯೊಳಗೆ ಹೊಗುವ ಜಾಗದಲ್ಲೇ ಅದನ್ನು ಹಿಡಿಯಬೇಕು. ಆ ಜಾಗ ಕಣ್ಣಿಗೆ ಕಾಣುವುದಿಲ್ಲ, ಗುರುತು ನೋಡಿಕೊಂಡು ಅಂದಾಜಿನಲ್ಲಿ ಹೋಗಬೇಕು. ಒಬ್ಬೊಬ್ಬರ ದವಡೆ ಒಂದೊಂದು ಥರ. ಕೆಲವರಲ್ಲಿ ಇನ್ನೊಂದು ಸಣ್ಣ ನರ ಬೇರೆ ದಾರಿಯಿಂದಲೂ ಹಲ್ಲಿಗೆ ಬರುತ್ತದೆ.

ಎರಡನೆಯದು ಉರಿಯೂತ. ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿರುವ ಔಷಧಿ ಲಿಡೊಕೇನ್. ಅದು ನರದ ಪೊರೆ ದಾಟಿ ಒಳಗೆ ಹೋಗಿ, ಸೋಡಿಯಂ ನುಗ್ಗುವ ಬಾಗಿಲನ್ನು ಮುಚ್ಚುತ್ತದೆ. ಬಾಗಿಲು ಮುಚ್ಚಿದರೆ ನೋವಿನ ಸುದ್ದಿ ಮೆದುಳಿಗೆ ಹೋಗಲ್ಲ. ಆದರೆ ಔಷಧಿಯ ಒಂದು ರೂಪ ಮಾತ್ರ ಪೊರೆ ದಾಟಬಲ್ಲದು. ಆರೋಗ್ಯವಾಗಿರುವ ಜಾಗದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಆ ರೂಪದಲ್ಲಿರುತ್ತದೆ. ಕೀವು, ಊತ ಇರುವ ಜಾಗ ಆಮ್ಲೀಯ, ಅಲ್ಲಿ ಆ ಪಾಲು ತುಂಬಾ ಕಡಿಮೆಯಾಗುತ್ತದೆ. ಆದರೆ ಕೆಳದವಡೆಯ ಇಂಜೆಕ್ಷನ್ ಕೊಡುವುದು ಹಲ್ಲಿನಿಂದ ದೂರದಲ್ಲಿ. ಹಾಗಾಗಿ ಆಮ್ಲ ಒಂದೇ ಕಾರಣ ಅಂತ ಹೇಳಲಾಗದು. ದಿನಗಟ್ಟಲೆ ಕೆರಳಿದ ನರದಲ್ಲಿ ಈ ಔಷಧಿಗೆ ಅಷ್ಟು ಸುಲಭವಾಗಿ ಬಗ್ಗದ ಬೇರೆ ಬಗೆಯ ಬಾಗಿಲುಗಳೂ ಜಾಸ್ತಿಯಾಗುತ್ತವೆ. ಸಣ್ಣ ಮುಟ್ಟುವಿಕೆಗೂ ಅದು ಕೂಗುತ್ತದೆ.

ಮೂರನೆಯದು ಸಮಯ. ತುಟಿ ಐದು ನಿಮಿಷದಲ್ಲೇ ಮರಗಟ್ಟಬಹುದು. ಹಲ್ಲಿನ ನರಕ್ಕೆ ಹತ್ತರಿಂದ ಹದಿನೈದು ನಿಮಿಷ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಎರಡು ನಿಮಿಷ ಸಾಲದು.

ಬುಧವಾರ ಹೋದ ಕೂಡಲೇ, ಕುರ್ಚಿ ಹಿಂದಕ್ಕೆ ಬಾಗುವ ಮೊದಲೇ ಹೇಳಿ: "ಹೋದ ಸಲ ತುಟಿ ಮರಗಟ್ಟಿತ್ತು, ಹಲ್ಲು ಮರಗಟ್ಟಿರಲಿಲ್ಲ. ಶುರು ಮಾಡುವ ಮೊದಲು ಕೋಲ್ಡ್ ಟೆಸ್ಟ್ ಮಾಡ್ತೀರಾ?" ಅಂತ. ಹತ್ತಿಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸುತ್ತಾರೆ. ಜುಮ್ ಅಂದರೆ ನರ ಇನ್ನೂ ಎಚ್ಚರವಾಗಿದೆ ಅಂತ ಅರ್ಥ. ಆಗ ಬೇರೆ ದಾರಿಗಳಿವೆ. ಆರ್ಟಿಕೇನ್ ಅನ್ನುವ ಔಷಧಿಯನ್ನು ಹಲ್ಲಿನ ಹೊರಬದಿಯ ವಸಡಿಗೆ ಕೊಡಬಹುದು. ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೆ, ಇಲ್ಲವೇ ಮೂಳೆಯೊಳಕ್ಕೇ ಕೊಡಬಹುದು. ಇದೆಲ್ಲ ಆಗಿಯೂ ಉಳಿದರೆ ನೇರವಾಗಿ ನರದೊಳಕ್ಕೆ ಒಂದು ಹನಿ. ಅದು ಒಂದೆರಡು ಸೆಕೆಂಡು ಚುರ್ ಅನ್ನುತ್ತದೆ, ಕೂಡಲೇ ನಿಲ್ಲುತ್ತದೆ. ಮೊದಲೇ ಹೇಳಿಸಿಕೊಂಡಿದ್ದರೆ ತಡೆದುಕೊಳ್ಳಬಹುದು.

ಇನ್ನೊಂದು. ಚಿಕಿತ್ಸೆಗೆ ಒಂದು ಗಂಟೆ ಮೊದಲು ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ ತೆಗೆದುಕೊಂಡರೆ ಇಂಥ ಹಲ್ಲಿಗೆ ಇಂಜೆಕ್ಷನ್ ಚೆನ್ನಾಗಿ ಹಿಡಿಯುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಆದರೆ ನಿಮ್ಮ ಡಾಕ್ಟರನ್ನು ಕೇಳದೆ ನುಂಗಬೇಡಿ. ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಈ ಮಾತ್ರೆಗೆ ಕೆರಳುವ ಅಸ್ತಮಾ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಇದರಲ್ಲಿ ಯಾವುದಿದ್ದರೂ ಅದು ಸರಿಹೋಗದು.

ಕೆಳದವಡೆ

ಮೇಡಂ, ಇದನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಅಳು ಬಂತು. ನನ್ನ ತಪ್ಪಲ್ಲ ಅಂತ ಒಬ್ಬರು ಹೇಳಿದ್ದು ಇದೇ ಮೊದಲು.

ಒಂದು ಪ್ರಶ್ನೆ. ಬುಧವಾರದವರೆಗೆ ಆಂಟಿಬಯಾಟಿಕ್ ತಿಂದರೆ ಮರಗಟ್ಟಲು ಸುಲಭ ಆಗುತ್ತದಾ? ಮನೆಯಲ್ಲಿ ಹಳೆಯದು ಉಳಿದಿದೆ.

ಹಲ್ಲಿನ ಡಾಕ್ಟರು

ಬೇಡ. ನರದ ಉರಿಯೂತದ ನೋವನ್ನು ಆಂಟಿಬಯಾಟಿಕ್ ಕಡಿಮೆ ಮಾಡುವುದಿಲ್ಲ. ಮುಖ ಊದಿದರೆ, ಜ್ವರ ಬಂದರೆ ಮಾತು ಬೇರೆ. ಆಗ ಬುಧವಾರದವರೆಗೂ ಕಾಯಲೂಬಾರದು. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ.

ನೋವಿರುವ ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವವರನ್ನೂ ನೋಡಿದ್ದೇನೆ. ವಸಡು ಸುಟ್ಟು ಬೆಳ್ಳಗಾಗುತ್ತದೆ, ಹಲ್ಲಿನ ನೋವು ಹಾಗೇ ಇರುತ್ತದೆ.

ಎದೆಡವಡವ

ನನ್ನ ಕಥೆ ಬೇರೆ ಥರ. ಇಂಜೆಕ್ಷನ್ ಕೊಟ್ಟು ಅರ್ಧ ನಿಮಿಷಕ್ಕೆ ಎದೆ ಡವಡವ ಅಂತ ಬಡಿದುಕೊಂಡಿತು, ಕೈ ನಡುಗಿತು. ಸತ್ತೇ ಹೋಗುತ್ತೇನೆ ಅನ್ನಿಸಿತು. ಅಂದಿನಿಂದ ಯಾರು ಕೇಳಿದರೂ "ನನಗೆ ಮರಗಟ್ಟಿಸುವ ಔಷಧಿ ಅಲರ್ಜಿ" ಅನ್ನುತ್ತಿದ್ದೆ. ಆರು ವರ್ಷ ಹಲ್ಲಿನ ಕಡೆ ತಿರುಗಿ ನೋಡಲಿಲ್ಲ. ಎರಡು ಹಲ್ಲು ಹೋದವು. ಕೊನೆಗೆ ಅಲರ್ಜಿ ತಜ್ಞರು ಪರೀಕ್ಷೆ ಮಾಡಿ, ಅಲರ್ಜಿ ಇಲ್ಲವೇ ಇಲ್ಲ ಅಂದರು. ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಆ ಎರಡು ಹಲ್ಲು ಇರುತ್ತಿದ್ದವು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಇದೆ.

ಹಲ್ಲಿನ ಡಾಕ್ಟರು

ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಔಷಧಿಯ ಜೊತೆ ಚೂರು ಅಡ್ರಿನಲಿನ್ ಇರುತ್ತದೆ. ಸಾಮಾನ್ಯವಾಗಿ 80,000 ಅಥವಾ 1,00,000 ಪಾಲಿಗೆ ಒಂದು ಪಾಲು. ಅದು ಆ ಜಾಗದ ರಕ್ತನಾಳವನ್ನು ಬಿಗಿ ಮಾಡುತ್ತದೆ, ಔಷಧಿ ಬೇಗ ಹರಿದು ಹೋಗಲು ಬಿಡುವುದಿಲ್ಲ. ಸ್ವಲ್ಪ ರಕ್ತಕ್ಕೆ ಸೇರಿದರೆ ಎದೆ ಬಡಿತ ಜೋರಾಗುತ್ತದೆ. ಕೆಲವೇ ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಈ ಔಷಧಿಗೆ ನಿಜವಾದ ಅಲರ್ಜಿ ಅಪರೂಪ. ಮೈಮೇಲೆ ದದ್ದು, ಮುಖದ ಊತ, ಉಸಿರಿನ ತೊಂದರೆ ಬಂದರೆ ಮಾತ್ರ ಆ ಅನುಮಾನ.

ಅಡ್ರಿನಲಿನ್ ಇಲ್ಲದ ಔಷಧಿಯೂ ಇದೆ. 3 ಪರ್ಸೆಂಟ್ ಮೆಪಿವಕೇನ್ ಅಂತ. ಆದರೆ ಹಲ್ಲಿನ ಮೇಲೆ ಅದರ ಪ್ರಭಾವ ಅರ್ಧ ಗಂಟೆ ಆಸುಪಾಸು, ಉದ್ದದ ಕೆಲಸಕ್ಕೆ ಸಾಲದು. ಹೃದಯದ ತೊಂದರೆ, ಬಿಪಿ, ಥೈರಾಯ್ಡ್ ಇದ್ದರೆ, ಯಾವ ಮಾತ್ರೆ ನುಂಗುತ್ತಿದ್ದರೂ ಸರಿ, ಮೊದಲೇ ಹೇಳಿ. ಬೇಡ ಅನ್ನುವುದಕ್ಕಲ್ಲ, ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುವುದಕ್ಕೆ.

ಸೂಜಿಭಯ

ನನಗೆ ಡ್ರಿಲ್ ಭಯ ಇಲ್ಲ. ಸೂಜಿ ಕಂಡರೆ ಮುಗಿಯಿತು. ಎರಡು ಸಲ ಕುರ್ಚಿಯಲ್ಲೇ ಕಣ್ಣು ಕತ್ತಲೆ ಬಂದು ಎಚ್ಚರ ತಪ್ಪಿದೆ.

ಹೀಗೆ ಎಚ್ಚರ ತಪ್ಪುವವರಿಗೆ ಒಂದು ಉಪಾಯ ಕಲಿಸಿಕೊಟ್ಟರು. ಸೂಜಿ ಹತ್ತಿರ ಬರುವ ಮೊದಲೇ ತೊಡೆ, ಹೊಟ್ಟೆ, ತೋಳಿನ ಸ್ನಾಯುಗಳನ್ನು ಬಿಗಿ ಹಿಡಿಯಬೇಕು. ಮುಖ ಬಿಸಿಯಾಗುವವರೆಗೆ, ಹತ್ತು ಹದಿನೈದು ಸೆಕೆಂಡು. ಆಮೇಲೆ ಅರ್ಧ ನಿಮಿಷ ಸಡಿಲ ಬಿಡುವುದು. ಐದು ಸಲ ಹೀಗೆ ಮಾಡಬೇಕು. ಎಚ್ಚರ ತಪ್ಪುವುದು ರಕ್ತದೊತ್ತಡ ದಿಢೀರ್ ಇಳಿಯುವುದರಿಂದ, ಬಿಗಿ ಹಿಡಿದರೆ ಅದು ಇಳಿಯದೆ ನಿಲ್ಲುತ್ತದೆ. ಮೊದಲು ಯಾರೋ ಹೇಳಿದ್ದರು ಅಂತ ಮೈ ಸಡಿಲ ಬಿಟ್ಟು ಉಸಿರಾಡುತ್ತಿದ್ದೆ. ನನ್ನಂಥವರಿಗೆ ಅದು ಉಲ್ಟಾ ಹೊಡೆಯುತ್ತದೆ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಇಂಜೆಕ್ಷನ್ ಹೊತ್ತಿಗೆ ಮಲಗಿಸಿ ಅಂತ ಕೇಳಿ, ಕೂತಿರುವುದಕ್ಕಿಂತ ವಾಸಿ.

ಚುಚ್ಚುವ ನೋವಿನ ಬಗ್ಗೆ ಒಂದು ಮಾತು. ಮೊದಲು ಹಚ್ಚುವ ಜೆಲ್ ಕೆಲಸ ಮಾಡಬೇಕಾದರೆ ವಸಡು ಒಣಗಿರಬೇಕು, ಒಂದೆರಡು ನಿಮಿಷ ಬಿಡಬೇಕು. ಹಚ್ಚಿದ ತಕ್ಷಣ ಚುಚ್ಚಿದರೆ ಹಚ್ಚಿಯೂ ಹಚ್ಚದ ಹಾಗೇ. ನನ್ನ ಈಗಿನ ಡಾಕ್ಟರು ವಸಡು ಒರೆಸಿ, ಜೆಲ್ ಇಟ್ಟು, ಗಡಿಯಾರ ನೋಡುತ್ತಾರೆ. ಆಮೇಲೆ ಔಷಧಿಯನ್ನು ಹನಿ ಹನಿಯಾಗಿ ಬಿಡುತ್ತಾರೆ. ನೋಯುವುದು ಸೂಜಿಗಿಂತ ಜಾಸ್ತಿ ಔಷಧಿಯನ್ನು ರಭಸದಿಂದ ತಳ್ಳುವುದರಿಂದ. ನಿಧಾನವಾಗಿ ಕೊಡಿ ಅಂತ ಕೇಳಲು ಸಂಕೋಚ ಪಡಬೇಡಿ.

ಇಬ್ಬರು ಮಕ್ಕಳ ತಾಯಿ

ಮಕ್ಕಳಿರುವವರಿಗೆ. ನನ್ನ ಮಗಳು ಹಲ್ಲು ತುಂಬಿಸಿಕೊಂಡು ಬಂದ ದಿನ ಮರಗಟ್ಟಿದ ತುಟಿಯನ್ನು ಕಚ್ಚಿ ಕಚ್ಚಿ ಗಾಯ ಮಾಡಿಕೊಂಡಳು. ಸಂಜೆಗೆ ತುಟಿ ಊದಿ ಒಳಗೆ ಬೆಳ್ಳನೆ ಹುಣ್ಣು. ಕೀವು ಅಂತ ಹೆದರಿ ಓಡಿದೆ. ಅದು ಕಚ್ಚಿದ ಗಾಯ, ವಾರದಲ್ಲಿ ಮಾಗಿತು. ಮರಗಟ್ಟಿದ್ದು ಬಿಡುವವರೆಗೂ, ಅಂದರೆ ಮೂರ್ನಾಲ್ಕು ಗಂಟೆ, ಮಗುವನ್ನು ಕಣ್ಣೆದುರೇ ಇಟ್ಟುಕೊಳ್ಳಿ. ತಿನ್ನಲು ಏನೂ ಕೊಡಬೇಡಿ.

ಎರಡನೆಯದು, "ಏನೂ ನೋಯಲ್ಲ ಪುಟ್ಟ" ಅಂತ ಸುಳ್ಳು ಹೇಳಬೇಡಿ. ನಾನು ಹೇಳಿದ್ದೆ. ಚುಚ್ಚಿದ ಮೇಲೆ ಅವಳು ನನ್ನ ಮುಖ ನೋಡಿದ ರೀತಿ ಮರೆಯಲಾಗದು. ಮುಂದಿನ ಸಲ "ಇರುವೆ ಕಚ್ಚಿದ ಹಾಗೆ ಆಗುತ್ತೆ, ಹತ್ತು ಎಣಿಸುವಷ್ಟರಲ್ಲಿ ಹೋಗುತ್ತೆ" ಅಂದೆ. ಇಬ್ಬರೂ ಸೇರಿ ಎಣಿಸಿದೆವು. ಏಳಕ್ಕೇ ಮುಗಿಯಿತು. ಅವಳೇ ಜೋರಾಗಿ "ಏಳು!" ಅಂದಳು.

ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಹಲ್ಲು ಬರುವ ನೋವಿಗೆ ಅಂತ ಬೆಂಜೊಕೇನ್ ಇರುವ ಜೆಲ್ ಹಚ್ಚಬೇಡಿ. ರಕ್ತ ಆಮ್ಲಜನಕ ಒಯ್ಯುವ ಶಕ್ತಿಯೇ ಕುಂದಬಹುದು. ಅಪರೂಪ, ಆದರೆ ಅಪಾಯದ್ದು.

ಸಹಿಸುವವನು

ನನ್ನ ಅಭಿಪ್ರಾಯ ಬೇರೆ. ನಾನು ನಾಲ್ಕು ಹಲ್ಲು ಇಂಜೆಕ್ಷನ್ ಇಲ್ಲದೆ ತುಂಬಿಸಿಕೊಂಡಿದ್ದೇನೆ. ನಡುನಡುವೆ ಜುಮ್ ಅನ್ನುತ್ತದೆ ಅಷ್ಟೆ. ಅರ್ಧ ದಿನ ಬಾಯಿ ಸೊಟ್ಟ ಮಾಡಿಕೊಂಡು ಓಡಾಡುವುದಕ್ಕಿಂತ ನನಗೆ ಅದೇ ಮೇಲು. ಈಗಿನವರು ಸಣ್ಣ ನೋವನ್ನೂ ದೊಡ್ಡದು ಮಾಡುತ್ತಾರೆ ಅನ್ನಿಸುತ್ತದೆ.

ರಾತ್ರಿಪಾಳಿ

ನಿಮಗೆ ಆಗುತ್ತದೆ, ಒಳ್ಳೆಯದೇ. ಹುಳುಕು ಆಳಕ್ಕೆ ಇಳಿದಿರದಿದ್ದರೆ ತುಂಬಾ ಜನ ಹಾಗೇ ಮಾಡಿಸಿಕೊಳ್ಳುತ್ತಾರೆ. ಆದರೆ ಅದು ನೀವು ಆರಿಸಿಕೊಂಡದ್ದು. ಕೆಳದವಡೆ ಅವರು ಆರಿಸಿಕೊಂಡಿರಲಿಲ್ಲ. ಕೈ ಎತ್ತಿದರೂ ನಂಬಲಿಲ್ಲ. ಎರಡೂ ಒಂದೇ ಅಲ್ಲ ಅಲ್ವಾ?

ಸಹಿಸುವವನು

ಸರಿ, ಒಪ್ಪುತ್ತೇನೆ. ಆ ಭಾಗ ಸರಿಯಾಗಿ ಓದದೆ ಬರೆದೆ. ಕ್ಷಮಿಸಿ.

ಹಳೇಪುಟ

ಈ ಚರ್ಚೆ ಓದುವಾಗ 1845ರ ಒಂದು ಘಟನೆ ನೆನಪಾಯಿತು. ಅಮೆರಿಕದ ಹೊರೇಸ್ ವೆಲ್ಸ್ ದಂತವೈದ್ಯ. 1844ರ ಡಿಸೆಂಬರಿನಲ್ಲಿ ನೈಟ್ರಸ್ ಆಕ್ಸೈಡ್ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ನೋವಾಗಲಿಲ್ಲ. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ಜನರ ಎದುರು ತೋರಿಸಲು ಹೋದ. ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟರು. ರೋಗಿ ಕೂಗಿದ. ಸೇರಿದ್ದವರು ವೆಲ್ಸ್‌ನನ್ನು ಮೋಸಗಾರ ಅಂತ ಹೀಯಾಳಿಸಿದರು. ಆತ ಅದರಿಂದ ಚೇತರಿಸಿಕೊಳ್ಳಲೇ ಇಲ್ಲ, 1848ರಲ್ಲಿ ತೀರಿಕೊಂಡ. ಅವನ ಜೊತೆ ಕೆಲಸ ಮಾಡಿದ್ದ ಮಾರ್ಟನ್ 1846ರಲ್ಲಿ ಅದೇ ಊರಿನಲ್ಲಿ ಈಥರ್ ಬಳಸಿ ತೋರಿಸಿ ಹೆಸರಾದ.

ನಾವು ಈಗ ತೆಗೆದುಕೊಳ್ಳುವ ಲಿಡೊಕೇನ್ ಅನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು 1943ರಲ್ಲಿ. ಅದಕ್ಕೆ ಮೊದಲು ಪ್ರೊಕೇನ್, ಅದಕ್ಕೂ ಮೊದಲು ಕೊಕೇನ್. ಔಷಧಿ ಸಾಕಷ್ಟು ಹೊತ್ತು ಕೆಲಸ ಮಾಡುವ ಮೊದಲೇ ಕೈ ಹಾಕಿದರೆ ಏನಾಗುತ್ತದೆ ಅಂತ ವೆಲ್ಸ್‌ಗೆ ಅವತ್ತೇ ಗೊತ್ತಾಗಿತ್ತು. ವೆಲ್ಸ್‌ನ ಆ ಅನಿಲ ಇವತ್ತಿಗೂ ಹಲ್ಲಿನ ಆಸ್ಪತ್ರೆಗಳಲ್ಲಿ ಇದೆ. ಮೂಗಿನ ಮೇಲೆ ಮಾಸ್ಕ್ ಇಟ್ಟು, ಆಮ್ಲಜನಕದ ಜೊತೆ ಬೆರೆಸಿ ಕೊಡುತ್ತಾರೆ. ಎಚ್ಚರ ಇರುತ್ತದೆ, ಮನಸ್ಸು ಹಗುರವಾಗುತ್ತದೆ. ನಿಲ್ಲಿಸಿ ಬರೀ ಆಮ್ಲಜನಕ ಕೊಟ್ಟರೆ ಐದು ನಿಮಿಷಕ್ಕೆ ಇಳಿಯುತ್ತದೆ. ತುಂಬಾ ಭಯ ಇರುವವರು ಇದರ ಬಗ್ಗೆ ಕೇಳಿ ನೋಡಬಹುದು.

ಹಲ್ಲಿನ ಡಾಕ್ಟರು

ಹೌದು, ಆದರೆ ಅನಿಲ ಭಯ ಇಳಿಸಲು. ಹಲ್ಲಿಗೆ ಇಂಜೆಕ್ಷನ್ ಆಮೇಲೂ ಬೇಕು. ಮೂಗು ಕಟ್ಟಿದ್ದರೆ ಅದು ಕೆಲಸ ಮಾಡುವುದಿಲ್ಲ, ನೆಗಡಿ ಇದ್ದಾಗ ಬೇಡ. ಭಯ ಇಳಿಸಲು ಮಾತ್ರೆ ಕೊಟ್ಟಿದ್ದರೆ ಜೊತೆಗೆ ಒಬ್ಬರು ಬರಲೇಬೇಕು, ಗಾಡಿ ಓಡಿಸಬಾರದು.

ಇನ್ನೊಂದು ವಿಷಯ ಬರೆಯಲು ಮರೆತಿದ್ದೆ. ಚೆನ್ನಾಗಿ ಮರಗಟ್ಟಿದ ಮೇಲೂ ಒತ್ತುವುದು, ಅದುರುವುದು, ಎಳೆಯುವುದು ಗೊತ್ತಾಗುತ್ತದೆ. ಒತ್ತಡದ ಸುದ್ದಿ ಒಯ್ಯುವ ನರದ ಎಳೆಗಳು ದಪ್ಪ, ಅವು ಅಷ್ಟು ಬೇಗ ಮಲಗುವುದಿಲ್ಲ. ಹಲ್ಲು ಕೀಳುವಾಗ ದವಡೆಯೇ ಕಳಚಿದ ಹಾಗೆ ಅನ್ನಿಸುವುದು ಇದರಿಂದಲೇ. ಚೂಪಾದದ್ದು, ಮಿಂಚಿನಂಥದ್ದು, ಉರಿಯುವಂಥದ್ದು ಬಂದರೆ ಅದು ನೋವು, ಕೈ ಎತ್ತಿ. ಬರೀ ಒತ್ತಿದ ಹಾಗಿದ್ದರೆ ಹೆದರಬೇಡಿ. ಯಾವುದು ಅಂತ ಗೊತ್ತಾಗದಿದ್ದರೂ ಕೈ ಎತ್ತಿ. ನಿಲ್ಲಿಸಿ ಕೇಳುವುದು ನಮ್ಮ ಕೆಲಸ.

ಕೆಳದವಡೆ (ಬುಧವಾರ ರಾತ್ರಿ)

ಹೋಗಿ ಬಂದೆ.

ಅದೇ ಡಾಕ್ಟರ ಹತ್ತಿರವೇ ಹೋದೆ. ಬೇರೆ ಕಡೆ ಹೋಗೋಣ ಅಂದುಕೊಂಡಿದ್ದೆ, ಆದರೆ ಒಂದು ಸಲ ಹೇಳಿ ನೋಡೋಣ ಅನ್ನಿಸಿತು. ಮಾತು ಮರೆತುಹೋಗುತ್ತದೆ ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ. ಕುರ್ಚಿಯಲ್ಲಿ ಕೂರುವ ಮೊದಲೇ ಚೀಟಿ ಕೈಗೆ ಕೊಟ್ಟೆ. ಅವರು ಪೂರ್ತಿ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅವತ್ತು ನಾನು ಇನ್ನೂ ಕಾಯಬೇಕಿತ್ತು" ಅಂದರು. ಅಷ್ಟು ಸಾಕಾಯಿತು ನನಗೆ.

ಮಾತ್ರೆಯ ವಿಷಯ ನಿನ್ನೆಯೇ ಫೋನ್ ಮಾಡಿ ಕೇಳಿದ್ದೆ, ಒಪ್ಪಿದ್ದರು, ಒಂದು ಗಂಟೆ ಮೊದಲು ನುಂಗಿದ್ದೆ. ಇಂಜೆಕ್ಷನ್ ಕೊಟ್ಟು ಹದಿನೈದು ನಿಮಿಷ ಹೊರಗೆ ಕೂರಿಸಿದರು. ವಾಪಸ್ ಕರೆದು ತಣ್ಣನೆಯ ಹತ್ತಿ ಮುಟ್ಟಿಸಿದರು. ಸಣ್ಣಗೆ ಜುಮ್ ಅಂತು. ಹೇಳಿದೆ. ಹೊರಬದಿಯ ವಸಡಿಗೆ ಇನ್ನೊಂದು ಕೊಟ್ಟರು. ಮತ್ತೆ ಐದು ನಿಮಿಷ. ಮತ್ತೆ ಹತ್ತಿ. ಈ ಸಲ ಹತ್ತಿ ಮುಟ್ಟಿದ್ದೇ ಗೊತ್ತಾಗಲಿಲ್ಲ. "ಮುಟ್ಟಿಸಿದ್ರಾ?" ಅಂತ ಕೇಳಿದೆ. ಎರಡು ಸಲ ಮುಟ್ಟಿಸಿದೆ ಅಂದರು.

ಐವತ್ತು ನಿಮಿಷದ ಕೆಲಸ. ಕೈ ಒಂದೇ ಸಲ ಎತ್ತಿದೆ, ಅದೂ ನೀರು ಗಂಟಲಿಗೆ ಹೋಗಿದ್ದಕ್ಕೆ. ತಕ್ಷಣ ನಿಲ್ಲಿಸಿದರು. ಸಣ್ಣ ಸಣ್ಣ ಸೂಜಿಯಂಥ ಫೈಲ್‌ಗಳು ಹಲ್ಲಿನೊಳಗೆ ಕರಕರ ಅನ್ನುವುದು ಕಿವಿಗೆ ಕೇಳುತ್ತಿತ್ತು. ಆದರೆ ನೋವಿಲ್ಲ. ನಡುವೆ ಒಂದು ಕ್ಷಣ ನನ್ನ ಕೈ ನೋಡಿಕೊಂಡೆ. ಹೊಟ್ಟೆಯ ಮೇಲೆ ಬಿಡಿಸಿಕೊಂಡು ಬಿದ್ದಿದ್ದವು.

ಸೂಜಿಭಯ

ಚೀಟಿಯ ಉಪಾಯ ನಾನೂ ಮಾಡುತ್ತೇನೆ. ಬಾಯಲ್ಲಿ ಹೇಳಲು ಹೋದರೆ ನನಗೆ ಗಂಟಲು ಕಟ್ಟುತ್ತದೆ.

ರಾತ್ರಿಪಾಳಿ

ಓದಿ ಮನಸ್ಸು ತಣ್ಣಗಾಯಿತು. ಮರಗಟ್ಟಿದ್ದು ಬಿಟ್ಟಮೇಲೆ ಹೇಗಿದೆ?

ಕೆಳದವಡೆ

ತುಟಿ ಸರಿಹೋಗಲು ನಾಲ್ಕು ಗಂಟೆ ಬೇಕಾಯಿತು. ಪೂರ್ತಿ ಬಿಡುವ ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಲು ಹೇಳಿದ್ದರು. ನೋವು ಏರಿದ ಮೇಲೆ ಇಳಿಸುವುದು ಕಷ್ಟವಂತೆ. ಈಗ ಕಚ್ಚಿದರೆ ಸ್ವಲ್ಪ ನೋವು, ಇಂಜೆಕ್ಷನ್ ಕೊಟ್ಟ ಕಡೆ ಬಾಯಿ ಅಗಲ ಮಾಡಿದರೆ ಹಿಡಿದ ಹಾಗೆ. ಅಷ್ಟೆ.

ಮೇಡಂ, ಕೊನೆಯ ಪ್ರಶ್ನೆ. ಇನ್ನೊಂದು ಸಲ ಹೋಗಿ ಒಳಗೆ ತುಂಬಿಸಿಕೊಳ್ಳಬೇಕು. ನರವನ್ನೇ ತೆಗೆದಾಗಿದೆಯಲ್ಲ, ಆಗ ಇಂಜೆಕ್ಷನ್ ಬೇಕಾಗುತ್ತದಾ?

ಹಲ್ಲಿನ ಡಾಕ್ಟರು

ಪೂರ್ತಿ ಸ್ವಚ್ಛ ಆಗಿದ್ದರೆ ಹಲ್ಲಿನ ಒಳಗೆ ನೋಯುವಂಥದ್ದು ಏನೂ ಉಳಿದಿರುವುದಿಲ್ಲ. ಆದರೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕೂರಿಸಲು ಹಾಕುವ ಕ್ಲಿಪ್ ವಸಡನ್ನು ಚಿವುಟುತ್ತದೆ. ಬೇರಿನ ತುದಿಯ ಹತ್ತಿರವೂ ಕೆಲವರಿಗೆ ಚುರುಕ್ ಅನ್ನಬಹುದು. ತುಂಬಾ ಜನ ಇಂಜೆಕ್ಷನ್ ಇಲ್ಲದೆ ಮಾಡಿಸಿಕೊಳ್ಳುತ್ತಾರೆ, ಕೆಲವರು ವಸಡಿಗೆ ಸ್ವಲ್ಪ ಕೊಡಿಸಿಕೊಳ್ಳುತ್ತಾರೆ. ನಿಮಗೆ ಬೇಕು ಅನ್ನಿಸಿದರೆ ಕೇಳಿ, ಕೊಡುತ್ತಾರೆ.

ಕೆಳದವಡೆ

ಕೇಳುತ್ತೇನೆ ಮೇಡಂ.